ಚಳಿನಾಡಿನ ಕೆಂಪು ವೈನ್ ಮತ್ತು ನಮ್ಮ ಬೀಗರು

ಅಕ್ಕನ ಮಗಳನ್ನು ನೋಡಲು ಶೋಳಿಂಗನಲ್ಲೂರಿನಿಂದ ಹುಡುಗನ ಮನೆಯವರು ಬರುವವರಿದ್ದರು. ಅಕ್ಕ ತನ್ನ ಪುರಸೈವಾಕ್ಕಂ ಮನೆಯಲ್ಲಿ ಕೇಸರಿಬಾತ್ ತಿರುವುತ್ತಾ ನನ್ನನ್ನು ಬೇಡಿಕೊಂಡಳು. "ಹೋಟೆಲ್ ಕೆಲ್ಸ ಅಂತ ಹೇಳಿ ಸುಮ್ನಾಗ್ಬಿಡೇ. ವೈನು ಗೀನು ಅಂತ ಬಾಯಿ ಬಿಡ್ಬೇಡ."

ಮುಚ್ಚಿಡುವಂಥ ಕೆಲಸವೇನಲ್ಲ ನನ್ನದು. ನುಂಗಂಬಾಕ್ಕಂನ ಒಂದು ಹೋಟೆಲಿಗೆ ವೈನ್ ಆರಿಸಿಕೊಡುತ್ತೇನೆ. ಆದರೂ ಹುಡುಗಿಯ ಮುಖ ನೋಡಿ ಹೂಂ ಅಂದೆ.

ಹುಡುಗನ ತಾತ ಮೈಸೂರು ಕಡೆಯವರು, ರಸಬಾಳೆ ತಂದಿದ್ದರು. "ಇದು ನಂಜನಗೂಡಿನ ಮಣ್ಣಲ್ಲೇ ಬೆಳೀಬೇಕು. ಬೇರೆ ಕಡೆ ಇದೇ ಬಾಳೆಕಂದು ನೆಡಿ, ಈ ರುಚಿ ಬರಲ್ಲ. ಮಣ್ಣು, ನೀರು, ಹವಾ ಎಲ್ಲಾ ಕೂಡಿ ಬರ್ಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನು ಕೆಲ್ಸ ಮಾಡ್ತೀರಮ್ಮಾ?"

"ನೀವೀಗ ಹೇಳಿದ್ರಲ್ಲ, ಅದೇ ನನ್ನ ಕೆಲ್ಸ" ಎಂದೆ. ಅಕ್ಕ ಕಣ್ಣು ಬಿಟ್ಟಳು. ನಾನು ನಿಲ್ಲಿಸದೆ ದ್ರಾಕ್ಷಿಯ ಕತೆಯೆಲ್ಲ ಹೇಳಿದೆ.

ಬಿಸಿಲೂರಿನ ದ್ರಾಕ್ಷಿ ಬೇಗ ಹಣ್ಣಾಗಿ ಸಕ್ಕರೆ ತುಂಬಿಕೊಳ್ಳುತ್ತದೆ. ಅದರ ವೈನ್ ದಪ್ಪ, ಅಮಲೂ ಹೆಚ್ಚು. ಚಳಿಯೂರಿನಲ್ಲಿ ಹಣ್ಣಿಗೆ ಅವಸರವಿಲ್ಲ, ರಾತ್ರಿಯ ತಂಪು ಅದರ ಹುಳಿಯನ್ನು ಕಾಯುತ್ತದೆ. ಇಳಿಜಾರಿನ ಕಲ್ಲುಮಣ್ಣು ನೀರು ಬಸಿದು ಹಗಲಿನ ಬಿಸಿ ಹಿಡಿದಿಟ್ಟುಕೊಂಡರೆ, ತಗ್ಗಿನ ಜೇಡಿಮಣ್ಣು ತಣ್ಣಗೇ ಇದ್ದು ಹಣ್ಣನ್ನು ಇನ್ನೂ ತಡಮಾಡುತ್ತದೆ. ಒಂದೇ ಗುಡ್ಡದಲ್ಲಿ ಒಂದೇ ತಳಿಯ ಬಳ್ಳಿಗೆ ಎರಡು ರುಚಿ! ಚಳಿಯೂರಿನ ಕೆಂಪು ವೈನಿನ ಬಣ್ಣವೋ, ಗ್ಲಾಸಿನಾಚೆಯ ಬೆರಳು ಕಾಣುವಷ್ಟು ತಿಳಿ. ನೀರು ಬೆರೆಸಿದ್ದೀರಾ ಎಂದು ಜಗಳಕ್ಕೆ ಬರುವ ಗಿರಾಕಿಗಳಿದ್ದಾರೆ. ಅವರಿಗೂ ನಾನು ಬಗ್ಗಿದವಳಲ್ಲ.

"ಅಂದ್ರೆ ಹೆಂಡದ ವಿಷ್ಯ" ಎಂದರು ತಾತ.

"ಹೌದು. ಕುಡಿದೂ ನೋಡ್ತೀನಿ."

ರಸಬಾಳೆಗಾದರೆ ಮಣ್ಣಿನ ಮಹಿಮೆ, ದ್ರಾಕ್ಷಿಗಾದರೆ ಮಾನ ಹೋಗುತ್ತದೆ. ಇದ್ಯಾವ ನ್ಯಾಯ? ಅವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ವಾರದೊಳಗೆ, ನಾನು ಅಕ್ಕನ ಮನೆಯಲ್ಲಿದ್ದಾಗಲೇ, ತಾತನ ಫೋನ್ ಬಂತು. ಹುಡುಗಿ ಒಪ್ಪಿಗೆಯಾಗಿದ್ದಾಳೆ, ನಿಶ್ಚಿತಾರ್ಥಕ್ಕೆ ಆ ಚಿಕ್ಕಮ್ಮ ಬರುವುದು ಮಾತ್ರ ಬೇಡ. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. ನಾನೇ ಹಿಂದೆ ಸರಿಯಲಿ ಎಂದು ಕಾಯುತ್ತಿದ್ದಳು.

"ನಾನು ಬರ್ತೀನಿ. ಮುಂದಿನ ಸಾಲಲ್ಲೇ ಕೂತ್ಕೋತೀನಿ" ಎಂದೆ.

ಅಕ್ಕನ ಮಗಳು ಈ ತಮಿಳು ಊರಿನಲ್ಲೇ ಓದಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವತ್ತೂ ತಮಿಳಿನಲ್ಲಿ. ಅವಳು ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡು, ತಡವರಿಸುತ್ತಾ, ಕನ್ನಡದಲ್ಲೇ ಹೇಳಿದಳು.

"ತಾತ, ಚಿಕ್ಕಮ್ಮ ಬೇಡ ಅಂದ್ರೆ ನಾನೂ ಬೇಡ. ನಿಮ್ಮ ಮೊಮ್ಮಗನಿಗೂ ಹೇಳಿ."