ಒಂದು ಗೇಣು ಉಳಿದ ಕಂಬಳಿ

ನಮ್ಮಪ್ಪ ನಾಟಕ ನೋಡಿದ್ದು ಒಂದೇ ಸಲ. ಅದೂ ತಾನು ಹರೆಯದಿಂದ ಕಂಬಳಿ ನೇಯ್ದ ಕಟ್ಟಡದಲ್ಲೇ.

ಚಿತ್ರದುರ್ಗದ ಹಳೇ ಪೇಟೆಯಲ್ಲಿದ್ದ ಕಲ್ಲುಗೋಡೆಯ ಉಣ್ಣೆ ಮಳಿಗೆ ಅದು. ಒಳಗೆ ಸಾಲಾಗಿ ಮಗ್ಗಗಳು. ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ ಮಗ್ಗಕ್ಕೆ ಏರಿಸುತ್ತಿದ್ದರು. ಕಂಬಳಿ ಮಗ್ಗಕ್ಕೆ ನೆಲದಲ್ಲಿ ಗುಂಡಿ ಬೇಕು. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಲಾಳಿ ಓಡಿಸಬೇಕು. ಎಪ್ಪತ್ತರ ದಶಕದ ಹೊತ್ತಿಗೆ ಗಿರಣಿಯ ರಗ್ಗು ಅಗ್ಗವಾಗಿ ಬಂತು. ಒಬ್ಬೊಬ್ಬರೇ ಮಗ್ಗ ಬಿಟ್ಟು ಎದ್ದರು, ಅಪ್ಪ ಒಬ್ಬ ಉಳಿದ. ಹಿರಿಯೂರಿನ ಸಂತೆಯಲ್ಲಿ ಅವನ ಕಂಬಳಿಯನ್ನೇ ಕೇಳಿ ಕೊಳ್ಳುವ ಕುರಿಗಾಹಿಗಳು ಇನ್ನೂ ಇದ್ದರು.

ಆಗಲೇ ಊರಿನ ನಾಟಕ ಸಂಘದವರ ಕಣ್ಣು ಆ ಕಟ್ಟಡದ ಮೇಲೆ ಬಿದ್ದಿದ್ದು. ಮಳಿಗೆಯ ಮಾಲೀಕರಿಂದ ಅದನ್ನು ಕೊಂಡು, ನಾಟಕ, ಸಂಗೀತ, ಚಿತ್ರಪ್ರದರ್ಶನ, ಎಲ್ಲಕ್ಕೂ ಸೇರಿ ಒಂದು ಕಲಾಮಂದಿರ ಮಾಡುತ್ತೇವೆಂದರು. ಸಂಘದ ಮುಂದಾಳಾಗಿದ್ದ ವಕೀಲರು ಬಂದು ಅಪ್ಪನ ಪಕ್ಕ ನೆಲದ ಮೇಲೇ ಕೂತರು.

"ಯಜಮಾನ್ರೇ, ನಿಮ್ಮ ಮಗ್ಗ ಈ ಮೂಲೇಲೇ ಇರ್ಲಿ. ನಾಟಕಕ್ಕೆ ಬಂದೋರು ಇದನ್ನೂ ನೋಡ್ಲಿ. ಇದೂ ಕಲೆನೇ ಅಲ್ವೇನ್ರಿ?"

ತನ್ನ ಕೆಲಸಕ್ಕೆ ಅಂಥ ಹೆಸರಿದೆಯೆಂದು ಅಪ್ಪನಿಗೆ ಗೊತ್ತಾಗಿದ್ದೇ ಅಂದು. ಮನೆಗೆ ಬಂದು ಅವ್ವನಿಗೆ ಹೇಳಿಕೊಂಡು ನಕ್ಕ.

"ಕಲೆಗಾರ್ರು ಮೊದ್ಲು ಕೈ ತೊಳ್ಕಂಡ್ ಬರ್ರಿ. ಹುಣಸೆಬೀಜದ ಗಂಜಿ ವಾಸ್ನೆ ಹೊಡಿತೈತೆ," ಎಂದಳು ಅವ್ವ.

ಗೋಡೆಗೆ ಸುಣ್ಣ ಬಿತ್ತು, ಕುರ್ಚಿ ಬಂದವು. ಹೈಸ್ಕೂಲಿನಲ್ಲಿದ್ದ ನಾನು ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ನೋಡುತ್ತಿದ್ದೆ. ಒಂದು ಸಂಜೆ ತಾಲೀಮು ನಡೆಯುವಾಗ ಕರೆಂಟು ಹೋಯಿತು. ರಾಕ್ಷಸನ ಪಾತ್ರದವನು ಕತ್ತಲಲ್ಲಿ ಹಿಂದೆ ಹಿಂದೆ ಸರಿದು ಅಪ್ಪನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ.

ಮರುದಿನ ಬೆಳಿಗ್ಗೆ ವಕೀಲರು ಬಡಗಿಗಳನ್ನು ಕರೆದುಕೊಂಡೇ ಬಂದರು. ಈ ಸಲ ಕೂರಲಿಲ್ಲ.

"ಗುಂಡಿ ಮುಚ್ಚಬೇಕು ಯಜಮಾನ್ರೇ. ನಾಳೆ ಇನ್ನೊಬ್ರು ಬಿದ್ರೆ ಏನ್ ಮಾಡಾಣ? ರಂಗಾನೂ ಇಲ್ಲೀತಂಕ ಬರ್ಬೇಕು."

ಮಗ್ಗದ ಮೇಲೆ ಒಂದು ಕಂಬಳಿ ಇತ್ತು. ಮುಗಿಯಲು ಗೇಣುದ್ದ ಬಾಕಿ. ಅರ್ಧ ದಿನ ಕೊಟ್ಟಿದ್ದರೆ ಸಾಕಿತ್ತು. ಅಪ್ಪ ಕೇಳಲಿಲ್ಲ, ವಕೀಲರಿಗೆ ಹೊಳೆಯಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನಗೆ ಮಾತ್ರ ಆ ಅರ್ಧ ದಿನದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಮ್ಮದು ಬಾಡಿಗೆ ಮನೆ, ನೆಲ ಅಗೆಯಲು ಮಾಲೀಕರು ಬಿಡುವವರಲ್ಲ. ಆ ಗುಂಡಿ ಹೋದರೆ ಅಪ್ಪನ ನೇಯ್ಗೆಯೇ ಹೋದಂತೆ ಎಂಬುದು ಮನೆಯ ಮೂವರಿಗೂ ಗೊತ್ತಿತ್ತು.

ಅಪ್ಪ ಕೇಳಿದ್ದು ಒಂದೇ.

"ಮಣ್ಣು ನಾನೇ ತುಂಬ್ತೀನ್ರಿ. ಅನ್ನ ಕೊಟ್ಟ ಗುಂಡಿ. ಬ್ಯಾರೇರು ತುಳಿಯಾದು ಬ್ಯಾಡ."

ಕಂಬಳಿಯನ್ನು ಇದ್ದಷ್ಟಕ್ಕೇ ಕತ್ತರಿಸಿ ಇಳಿಸಿದ. ಗುಂಡಿಯ ಅಂಚಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ. ಅವ್ವ, ನಾನು ಪುಟ್ಟಿಯಲ್ಲಿ ಮಣ್ಣು ಹೊತ್ತು ತಂದೆವು. ಮಣ್ಣು ಗಟ್ಟಿಯಾಗಲು ತುಳಿಯಬೇಕು. ಅಪ್ಪ ತುಳಿಯಲಿಲ್ಲ. ಮೊಣಕಾಲೂರಿ ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದ. ಬಡಗಿಗಳು ಬೀಡಿ ಸೇದುತ್ತಾ ಕಾದರು.

ಮೊದಲ ನಾಟಕಕ್ಕೆ ವಕೀಲರು ನಮ್ಮನ್ನು ಮರೆಯದೆ ಕರೆದು ಮುಂದಿನ ಸಾಲಿನಲ್ಲೇ ಕೂರಿಸಿದರು. ಕೆಟ್ಟವರೇನಲ್ಲ ಅವರು. ಅಪ್ಪನಿಗೆ ಕುರ್ಚಿಯ ಅಭ್ಯಾಸವಿರಲಿಲ್ಲ, ಕಾಲು ಎಲ್ಲಿಡಬೇಕೋ ತಿಳಿಯದೆ ಒದ್ದಾಡಿದ. ದೀಪ ಆರಿ, ಪರದೆ ಎದ್ದು, ಹಾರ್ಮೋನಿಯಂ ಶುರುವಾಯಿತು. ಪಕ್ಕದಲ್ಲಿದ್ದ ನಾನು ಏನೋ ಸದ್ದು ಕೇಳಿ ಕೆಳಗೆ ನೋಡಿದೆ. ಅಪ್ಪನ ಎಡಗಾಲು ನೆಲವನ್ನು ಒತ್ತುತ್ತಿತ್ತು. ಆಮೇಲೆ ಬಲಗಾಲು. ಮತ್ತೆ ಎಡಗಾಲು.

"ಯಜಮಾನ್ರು ತಾಳ ಹಾಕ್ತಾರೆ ನೋಡ್ರಿ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿಕೊಂಡರು.

ಹಾಡು ನಿಂತಿತು. ಕಾಲು ನಿಲ್ಲಲಿಲ್ಲ. ಅವ್ವ ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ಸಾಕು ಬಿಡ್ರಿ. ಮನೆಗೆ ಹೋಗಾಣ."

ಅಪ್ಪ ರಂಗದ ಕಡೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ.

"ಇನ್ನೊಂದು ಗೇಣು ಐತೆ ಕಣೇ. ಮುಗಿಸ್ಕಂಡ್ ಬರ್ತೀನಿ."