ನೆಲ್ಲಾಳನ್ನು ಆರಿಸಿಕೊಳ್ಳದ ದಿಂಗೆಮನ್

ಕಡಲಂಚಿನ ಊರು ಬ್ರೌನಿಸ್ಸೆಯಲ್ಲಿ ಚಿಪ್ಪುಮೀನು ಹಿಡಿಯುವವರ ಪೈಕಿ ದಿಂಗೆಮನ್‌ನಷ್ಟು ಅಳೆದು ಸುರಿದು ಆರಿಸುವ ಗಂಡಸು ಇನ್ನೊಬ್ಬನಿರಲಿಲ್ಲ. ಆಲೂಗಡ್ಡೆ ಕೊಳ್ಳುವಾಗ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ಅವನು ಬೂಟು ಕೊಳ್ಳಲು ಹೋದ ದಿನ ಅಂಗಡಿಯವನ ಊಟದ ಹೊತ್ತು ಮೀರುತ್ತಿತ್ತು. ಆದರೆ ಭಾನುವಾರ ಬಂತೆಂದರೆ ಇದೇ ಮನುಷ್ಯ ಕರಿ ಕೋಟು ತೊಟ್ಟು, ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು, ಮನುಷ್ಯನ ಕೈಯಲ್ಲಿ ಯಾವ ಆಯ್ಕೆಯೂ ಇಲ್ಲವೆಂಬ ಪಾದ್ರಿಯ ಉದ್ದುದ್ದನೆಯ ಪ್ರಸಂಗಕ್ಕೆ ಕೊನೆಯವರೆಗೂ ತಲೆದೂಗುತ್ತಿದ್ದ.

ಅವನ ಸಭೆಯವರ ನಂಬಿಕೆಯಂತೆ, ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ. ಆ ಪಾಲಿನಲ್ಲಿ ನಾನೂ ಇದ್ದೇನೆ ಎಂದು ತಾನಾಗಿ ಹೇಳಿಕೊಳ್ಳುವುದು ಬರೀ ಸೊಕ್ಕು. ಹೀಗಾಗಿ ದೇವರು ಆರಿಸಿಕೊಂಡವರಿಗಷ್ಟೇ ರೊಟ್ಟಿ, ದ್ರಾಕ್ಷಾರಸ ಸಿಗುವ ಕರ್ತನ ಭೋಜನದ ದಿನ ಮೇಜಿಗೆ ಬಿಳಿ ಬಟ್ಟೆ ಹಾಸಿ ಪಾದ್ರಿ ಕರೆದಾಗ, ಕಿಕ್ಕಿರಿದ ದೇವಾಲಯದಲ್ಲಿ ಎದ್ದು ಹೋಗುತ್ತಿದ್ದವರು ಬೆರಳೆಣಿಕೆಯ ಮುದುಕ ಮುದುಕಿಯರು. ದಿಂಗೆಮನ್ ಬೆಂಚಿಗೆ ಅಂಟಿಕೊಂಡೇ ಇರುತ್ತಿದ್ದ. ಅವನಪ್ಪನೂ ಹಾಗೆಯೇ ಅಂಟಿಕೊಂಡಿದ್ದು ಹಾಗೆಯೇ ತೀರಿಕೊಂಡಿದ್ದ.

ಪಕ್ಕದ ಮನೆಯ ನೆಲ್ಲಾ ಬೇರೆ ಸಭೆಯವಳು. ದೊಡ್ಡವರಾದ ಮೇಲೆ ತಾವೇ ಮನಸ್ಸು ಮಾಡಿ ದೀಕ್ಷಾಸ್ನಾನ ತೆಗೆದುಕೊಳ್ಳುವ ಜನ ಅವರು. ದೇವರು ಎಲ್ಲರನ್ನೂ ಕರೆಯುತ್ತಾನೆ, ಹೋಗುವುದು ಬಿಡುವುದು ನಮ್ಮ ಮೇಲಿದೆ ಎನ್ನುವವರು. ಸಾವಿರದ ಒಂಬೈನೂರ ಐವತ್ತಮೂರರ ಪ್ರವಾಹದಲ್ಲಿ ಅವಳ ಗಂಡ ಕೊಚ್ಚಿಹೋದ. ಎಲ್ಲ ದೇವರು ಮೊದಲೇ ಗೊತ್ತುಮಾಡಿದ್ದು ಎಂದು ಊರವರು ಸಮಾಧಾನ ಹೇಳಲು ಬಂದಾಗ, ಅವಳು ಹೌದೆನ್ನದೆ ಅಲ್ಲವೆನ್ನದೆ ಕಾಫಿ ಕೊಟ್ಟು ಕಳಿಸಿದ್ದಳು. ದಿಂಗೆಮನ್ ಮಾತ್ರ ಸಲಿಕೆ ತಂದು ಅವಳ ಅಡುಗೆಮನೆಯ ಕೆಸರು ಬಾಚಿ ಹೋದ.

ಆಮೇಲೆ ಪ್ರತಿ ಹಂಗಾಮಿನಲ್ಲೂ ಶನಿವಾರಕ್ಕೊಂದು ಬಕೆಟ್ ಚಿಪ್ಪುಮೀನು ಅವಳ ಬಾಗಿಲಿಗೆ ಬರತೊಡಗಿತು. ಒಂದೊಂದೂ ಆರಿಸಿ ತಂದದ್ದು. ಊರಿಗೆಲ್ಲ ಅದರ ಅರ್ಥ ಗೊತ್ತಿತ್ತು. ವರ್ಷಗಳು ಉರುಳಿದವು, ಬಕೆಟ್ ಬರುತ್ತಲೇ ಇತ್ತು, ಮದುವೆಯ ಮಾತು ಮಾತ್ರ ಬರಲಿಲ್ಲ.

"ಏನು ದಿಂಗ, ಮೇಲಿಂದ ಏನಾದ್ರೂ ಸುದ್ದಿ ಬಂತಾ?" ನೆಲ್ಲಾ ಬಕೆಟ್ ಇಳಿಸಿಕೊಳ್ಳುತ್ತಾ ಕೇಳುವಳು.

"ಯಾವ ಸುದ್ದಿ?"

"ನಮ್ಮಿಬ್ರದ್ದು."

ಅವನ ಕಿವಿ ಕೆಂಪಾಗುತ್ತಿತ್ತು. "ತಮಾಷೆ ಮಾಡ್ಬೇಡ ನೆಲ್ಲಾ. ಅದು ಅವನು ಗೊತ್ತುಮಾಡೋ ವಿಷಯ. ನಾನು ಮುಂದೆ ಬಿದ್ದು ಕೇಳಿ, ಆಮೇಲೆ ಅದು ಅವನ ಚಿತ್ತ ಅಲ್ಲ ಅಂತಾದ್ರೆ? ಏನಾದ್ರೂ ಗುರುತು ಸಿಗ್ಲಿ."

"ಆಯ್ತಪ್ಪ, ಕಾಯ್ತಾ ಇರು. ನನ್ನ ಮೊಣಕಾಲಿಗೂ ಯಾರಾದ್ರೂ ಹೇಳಿ, ಅದೊಂದು ಮುದಿಯಾಗೋಕೆ ಕಾಯ್ತಾ ಇಲ್ಲ." ಆಮೇಲೆ ಬಾಗಿಲು ಹಾಕುತ್ತಾ ಇನ್ನೊಂದು ಸೇರಿಸುವಳು: "ನಿಮ್ಮ ಸಭೆಯೋರೆಲ್ಲ ಹೀಗೇ. ಊಟಕ್ಕೆ ಕರೆದೋರ ಬಾಗಿಲಲ್ಲಿ ನಿಂತು, ಕರೆದಿದ್ದು ನನ್ನನ್ನೇನಾ ಅಂತ ಕೇಳ್ತಾ ಸಾರು ತಣ್ಣಗೆ ಮಾಡ್ತೀರಿ."

ಒಂದು ಅಕ್ಟೋಬರಿನ ಬೆಳಿಗ್ಗೆ ಗ್ರೆವೆಲಿಂಗನ್ ಅಳಿವೆಯ ನೀರಿನಲ್ಲಿ, ತುಂಬಿದ ಬಲೆ ಗಾಳಿಗೆ ತಿರುಗಿ ದಿಂಗೆಮನ್‌ನ ಎದೆಗೆ ಬಡಿಯಿತು. ಅವನು ದೋಣಿಯಿಂದಾಚೆ ಬಿದ್ದ. ಭಾರದ ಬೂಟು, ಕೊರೆಯುವ ನೀರು. ಜೊತೆಗಿದ್ದ ತಮ್ಮ ಯೋಬ್ ಹಗ್ಗ ಎಸೆದು, ಹೇಗೋ ಎಳೆದು ಉಳಿಸಿಕೊಂಡ.

ಮಧ್ಯಾಹ್ನ ನೆಲ್ಲಾ ಬಟಾಣಿ ಸೂಪು ಹಿಡಿದು ಬಂದಳು. ದಿಂಗೆಮನ್ ಕಂಬಳಿಯೊಳಗೆ ನಡುಗುತ್ತಾ ಕೂತಿದ್ದ. ಅವಳು ಸೂಪು ಬಡಿಸಿ ಕೊಟ್ಟಳು, ಆದರೆ ನಾಲಿಗೆ ಸುಮ್ಮನಿರಬೇಕಲ್ಲ.

"ಹಗ್ಗ ಬಿದ್ದಾಗ ಏನು ಮಾಡ್ದೆ ದಿಂಗ? ಇದು ನನಗೇ ಎಸೆದಿದ್ದಾ ಅಂತ ವಿಚಾರಿಸ್ದ್ಯಾ, ಇಲ್ಲಾ ಗಬಕ್ಕನೆ ಹಿಡ್ಕೊಂಡ್ಯಾ?"

"ಹಿಡೀಲೇ ಇಲ್ಲ!" ದಿಂಗೆಮನ್‌ನ ನೀಲಿಗಟ್ಟಿದ ಮುಖ ಅರಳಿತು. "ಯೋಬನ್ನೇ ಕೇಳು. ಕೈ ಚಾಚಿ ಚಾಚಿ ಸೋತೆ, ಸಿಗ್ಲಿಲ್ಲ. ಮುಳುಗ್ತಾ ಇದ್ದೋನ ಕಾಲಿಗೆ ತಾನಾಗೇ ಸುತ್ಕೊಂತು. ತಲೆಕೆಳಗಾಗಿ ಎಳೆದ. ಅದ್ರಲ್ಲಿ ನನ್ನದು ಅಂತ ಏನೂ ಇಲ್ಲ!"

ನೆಲ್ಲಾಳ ಎದುರು ಇಷ್ಟು ವರ್ಷಗಳಲ್ಲಿ ಅವನು ಗೆದ್ದ ಮೊದಲ ವಾದ ಅದು.

ಆದರೆ ಯೋಬ್ ಒಲೆಯ ಬಳಿಯಿಂದ ಹೇಳಿದ: "ಕಾಲಿನ ಮಾತು ಸರಿ ಅಣ್ಣ. ಬಾಯಿ? ಮೇಲೆ ಬಂದಾಗೆಲ್ಲ ನೆಲ್ಲಾ, ನೆಲ್ಲಾ ಅಂತ ಕೂಗಿದ್ದು ಯಾರು? ದೇವರ ಹೆಸರು ಒಂದ್ಸಲನೂ ಕೇಳಲಿಲ್ಲಪ್ಪ."

ದಿಂಗೆಮನ್‌ನ ಗೆಲುವು ಅಲ್ಲೇ ಇಳಿಯಿತು. ನಿಜ, ಅವನಿಗೂ ನೆನಪಿತ್ತು. ಸಾವಿನ ಬಾಯಲ್ಲಿದ್ದಾಗ ದೇವರು ಆರಿಸಿಕೊಂಡವನ ಬಾಯಿಂದ ಬರಬೇಕಾದ ಮಾತೇ ಅದು? ನೆಲ್ಲಾ ಸೂಪಿನ ಪಾತ್ರೆಯನ್ನೂ ಮರೆತು, ಮನೆಗೆ ಹೋಗಿಬಿಟ್ಟಳು.

ಜ್ವರ ಇಳಿದದ್ದೇ ತಡ, ಅವನು ಸಭೆಯ ಹಿರಿಯ ಹುಯ್ಬ್ರೆಕ್ಟ್‌ರ ಮುಂದೆ ಟೋಪಿ ಹಿಡಿದು ನಿಂತ. ನಕ್ಕರೆ ಪಾಪವೆಂದು ನಂಬಿದ್ದ ಮುಖ ಅವರದು. ಎಲ್ಲ ಕೇಳಿಸಿಕೊಂಡರು.

"ಆ ಹೆಸರು ಯೋಚನೆ ಮಾಡಿ ಕೂಗಿದ್ಯಾ?"

"ಯೋಚನೆ ಮಾಡೋಕೆ ಪುರುಸೊತ್ತೆಲ್ಲಿತ್ತು ಹಿರೀರೇ? ತಾನಾಗಿ ಬಂತು."

"ಹಾಗಾದ್ರೆ ನೀನಾಗಿ ಆರಿಸಿದ್ದಲ್ಲ."

"ಅಲ್ಲ."

"ಮತ್ತೆ ಇನ್ನ್ಯಾವ ಗುರುತಿಗೆ ಕಾಯ್ತಿದ್ದೀಯೋ ಪೆದ್ದ? ಹೋಗಿ ಕೇಳು ಅವಳನ್ನ."

ಹೋಗಿ ಕೇಳಿದ. ನೆಲ್ಲಾ ಯೋಚಿಸಿ ಹೇಳುತ್ತೇನೆಂದಳು, ಯೋಚನೆ ಮಾಡುವುದು ತನ್ನ ಸಭೆಯ ಪದ್ಧತಿಯೆಂದಳು. ಅವನು ಹೊಸ್ತಿಲಲ್ಲಿ ಬೆವರುತ್ತಾ ನಿಂತಿರುವಾಗಲೇ ಯೋಚಿಸಿ ಮುಗಿಸಿ ಒಪ್ಪಿಕೊಂಡಳು.

ಮದುವೆಯಾದ ಮೇಲೂ ಭಾನುವಾರ ಇಬ್ಬರದೂ ಬೇರೆ ಬೇರೆ ದಾರಿ. ಕರ್ತನ ಭೋಜನದ ದಿನ ಮಾತ್ರ ನೆಲ್ಲಾ ಅವನ ಸಭೆಗೆ ಬಂದು, ಹೆಂಗಸರ ಸಾಲಿನಿಂದ ಅವನ ಬೆನ್ನನ್ನೇ ನೋಡುತ್ತಾ ಕೂರುತ್ತಿದ್ದಳು. ಆ ಬೆನ್ನು ಪ್ರತಿ ಸಲವೂ ಅಲ್ಲೇ ಇರುತ್ತಿತ್ತು. ಕೂದಲೆಲ್ಲ ಬೆಳ್ಳಗಾದ ಮೇಲಿನ ಒಂದು ವಸಂತದಲ್ಲಿ, ಅದೇ ಬೆಂಚಿನ ಒಳಬದಿಗೆ ಕೂತಿದ್ದ ಹುಯ್ಬ್ರೆಕ್ಟ್ ಮೇಜಿಗೆ ಹೋಗಲು ಎದ್ದರು. ದಾರಿ ಬಿಡಲು ದಿಂಗೆಮನ್ ಸಾಲಿನಿಂದ ಹೊರಗೆ ಬಂದು ನಿಂತ. ಮುದುಕರ ಕಾಲು ಸೋತಿತ್ತು, ಇವನ ತೋಳು ಹಿಡಿದರು. ಮೇಜಿನ ತನಕ ನಡೆಸಿಕೊಂಡು ಹೋದ. ಹಿರಿಯರು ಕೂತರು. ಪಕ್ಕದ ಕುರ್ಚಿ ಖಾಲಿಯಿತ್ತು. ದಿಂಗೆಮನ್ ತಿರುಗಿ ತನ್ನ ಬೆಂಚನ್ನು ನೋಡಿದ, ಕುರ್ಚಿಯನ್ನು ನೋಡಿದ, ಕೂತ. ರೊಟ್ಟಿ ಕೈಗೆ ಬಂದಾಗ ಅವನ ಭುಜ ಕುಲುಕುತ್ತಿದ್ದದ್ದು ಹಿಂದಿನ ಸಾಲಿಗೂ ಕಂಡಿತು.

ಮನೆಗೆ ಹೋಗುವಾಗ ಕಡಲ ಏರಿಯ ಮೇಲೆ ಇಬ್ಬರೂ ಬಹಳ ದೂರ ನಡೆದರು.

"ನಾನೇ ಹೋಗಿದ್ದೋ, ಕರ್ಕೊಂಡ್ ಹೋಗಿದ್ದೋ ಗೊತ್ತಾಗ್ತಿಲ್ಲ ನೆಲ್ಲಾ," ಎಂದ ಕೊನೆಗೆ.

ಅವಳ ನಾಲಿಗೆಯ ತುದಿಯಲ್ಲಿ ಹತ್ತು ಮಾತಿದ್ದವು. ಅವನ ಮುಖ ನೋಡಿ, ಅಷ್ಟನ್ನೂ ಸೋಮವಾರಕ್ಕೆ ಇಟ್ಟುಕೊಂಡಳು.