ಅಕ್ಕುವಿಗೆ ಬಂದ ಜ್ವರ

ಗಡಿನಾಡಿನ ಅನಂತಪುರದ ಅಕ್ಕುವಿಗೆ ಬೀಡಿ ಕಟ್ಟಲು ಕೈ ಎಷ್ಟು ಚುರುಕೋ ಮಲಯಾಳಕ್ಕೆ ಕಿವಿ ಅಷ್ಟೇ ಮಂದ. ಆಸ್ಪತ್ರೆಯಲ್ಲಿ ಕಲಿತ ಒಂದೇ ಪದ ಗೊತ್ತಿತ್ತು: 'ಪನಿ', ಅಂದರೆ ಜ್ವರ.

ಬೀಡಿ ಕೊಟ್ಟಿಗೆಯ ಧನಿಗಳು ಒಳ್ಳೆಯ ಬೀಡಿಯನ್ನೂ ಕೆಟ್ಟದ್ದೆಂದು ಮುರಿದು ಬಿಸಾಡಿ ಕೂಲಿ ಕಡಿಯುತ್ತಿದ್ದ ಕಾಲ. ಐವತ್ತೊಂದನೇ ಇಸವಿಯಲ್ಲಿ ಕೆಲಸಗಾರರ ಸಂಘ ಹುಟ್ಟಿತು, ಕಣ್ಣೂರಿನಿಂದ ನಾಯಕ ನಂಬಿಯಾರರು ಬಂದರು. ಬಂದವರು ಮೊದಲು ಧನಿಗಳ ಮನೆಯಲ್ಲಿ ಪಾಯಸದೂಟ ಉಂಡರು. ಆಮೇಲೆ ಮುಷ್ಕರ ನಿರ್ಧರಿಸುವ ಸಭೆಯಲ್ಲಿ ಗಂಟಲು ಸರಿಪಡಿಸಿಕೊಂಡು, "ನಾಳೆ ಪಣಿಮುಡಕ್ಕ್ ವೇಂಡ" ಎಂದರು. ನಾಳೆ ಮುಷ್ಕರ ಬೇಡ ಎಂದರ್ಥ.

"ಎಂತ ಹೇಳಿದ್ದು ಅಕ್ಕು?" ಎಂದಳು ಪಕ್ಕದ ಪಂಕಜಾಕ್ಷಿ.

"ನಾಳೆ ಎಲ್ಲರಿಗೂ ಜ್ವರ ಅಂತೆ ಮಾರಾಯ್ತಿ!"

"ಅಬ್ಬ, ಎಂಥಾ ಉಪಾಯ!"

ಅಕ್ಕುವಿನ ಮಾತು ರಾತ್ರಿಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬೀಡಿ ಕೊಟ್ಟಿಗೆ ಖಾಲಿ. ಧನಿಗಳು ಓಡಿಬಂದು ನೋಡಿದರೆ ಮನೆಮನೆಯಲ್ಲೂ ಕಂಬಳಿ, ಕಂಬಳಿಯೊಳಗೆ ನರಳಾಟ. ವಾರ ಕಳೆದರೂ ಜ್ವರ ಇಳಿಯಲಿಲ್ಲ. ಇನ್ನು ಬೀಡಿ ಮುರಿಯುವುದಿಲ್ಲ ಎಂದು ಧನಿಗಳು ಕೈಮುಗಿದದ್ದೇ ತಡ, ಊರಿಗೆ ಊರೇ ಗುಣವಾಯಿತು.

ಹಾರ ಬಿದ್ದದ್ದು ಮಾತ್ರ ನಂಬಿಯಾರರ ಕೊರಳಿಗೆ. ಅವರೂ ಸಂಕೋಚವಿಲ್ಲದೆ ಕೊರಳೊಡ್ಡಿದರು.

ಕೊನೆಗೆ ಯಾರೋ ಅಕ್ಕುವಿಗೆ ಆ ಮಾತಿನ ನಿಜವಾದ ಅರ್ಥ ಬಿಡಿಸಿ ಹೇಳಿದರು. ಅವಳು ಎಲೆ ಕತ್ತರಿಸುತ್ತಲೇ ಕೇಳಿಸಿಕೊಂಡಳು.

"ಬೇಡ ಅಂದದ್ದಾ? ಅನ್ನಲಿ ಬಿಡಿ. ಜ್ವರ ಬರಬೇಕಾದದ್ದು ನಮಗಲ್ಲವಾ?"